ಆಂಜಿಯೋಗ್ರಾಂ ಮಾಡಿಸುವವರಿಗೆ: ದಾಖಲಾಗುವ ಮೊದಲಿಂದ ಸಿ.ಡಿ. ಕೈಗೆ ಬರುವವರೆಗೆ

"ಆಂಜಿಯೋ ಮಾಡಿಸಿ ಅಂದಿದ್ದಾರೆ, ಮಾಡಿಸಲೇಬೇಕಾ?" "ಕೈಯಲ್ಲಿ ಮಾಡ್ತಾರಾ, ತೊಡೆಯಲ್ಲಾ?" "70 ಪರ್ಸೆಂಟ್ ಬ್ಲಾಕ್ ಅಂತೆ, ಸ್ಟೆಂಟ್ ಹಾಕಿಸಿಬಿಡೋದಾ?" ಕ್ಯಾಥ್ ಲ್ಯಾಬ್‌ನಲ್ಲಿ, ಅಂದರೆ ಆಂಜಿಯೋಗ್ರಾಂ ಮಾಡುವ ಕೋಣೆಯಲ್ಲಿ, ಕೆಲಸ ಮಾಡುವ ನನಗೆ ಮದುವೆ ಮನೆಗೆ ಹೋದರೂ ಈ ಪ್ರಶ್ನೆಗಳು ತಪ್ಪುವುದಿಲ್ಲ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳುವ ಬದಲು ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ.

ಹೆಚ್ಚಿನವರು ಹೆದರುವುದು ಸೂಜಿಗೆ. ಸೂಜಿಯ ಕೆಲಸ ಕೆಲವೇ ನಿಮಿಷದ್ದು. ನಿಜವಾದ ಕಷ್ಟ ಬೇರೆ ಇದೆ. ಚಿತ್ರ ತೆಗೆದಾಗಿರುತ್ತದೆ, ರೋಗಿ ಇನ್ನೂ ಟೇಬಲ್ ಮೇಲೆ ಮಲಗಿರುತ್ತಾರೆ. ಡಾಕ್ಟರು ಹೊರಗೆ ಬಂದು, "ಬ್ಲಾಕ್ ಇದೆ, ಈಗಲೇ ಸ್ಟೆಂಟ್ ಹಾಕಬಹುದು, ಏನು ಮಾಡೋಣ?" ಎಂದು ಮನೆಯವರನ್ನು ಕೇಳುತ್ತಾರೆ. ಆಗ ಬಾಯಿ ಕಟ್ಟಿಹೋಗುತ್ತದೆ. ಆ ಹತ್ತು ನಿಮಿಷಕ್ಕೆ ಬೇಕಾದ ತಯಾರಿ ಹಿಂದಿನ ದಿನವೇ ಆಗಿರಬೇಕು. ಈ ಲೇಖನದ ಮುಖ್ಯ ಉದ್ದೇಶ ಅದು.

ಪರೀಕ್ಷೆ ಏನು ಅಂತ ಚಿಕ್ಕದಾಗಿ ಹೇಳಿಬಿಡುತ್ತೇನೆ. ಮಣಿಕಟ್ಟಿನ ಅಥವಾ ತೊಡೆಯ ಸಂದಿಯ ರಕ್ತನಾಳದಿಂದ ಕ್ಯಾಥೆಟರ್ ಎಂಬ ತೆಳು ಕೊಳವೆಯನ್ನು ಹೃದಯದ ತನಕ ತರುತ್ತಾರೆ. ಹೃದಯದ ಸ್ನಾಯುವಿಗೇ ರಕ್ತ ಕೊಡುವ ನಾಳಗಳಿಗೆ ಕೊರೊನರಿ ಅನ್ನುತ್ತಾರೆ. ಅವುಗಳ ಬಾಯಿಗೆ ಕೊಳವೆ ಇಟ್ಟು ಅಯೋಡಿನ್ ಇರುವ ದ್ರವ ಬಿಡುತ್ತಾರೆ. ಎಲ್ಲರೂ 'ಡೈ' ಅನ್ನುವುದು ಇದನ್ನೇ. ಎಕ್ಸ್‌ರೇಯಲ್ಲಿ ಡೈ ಹರಿದ ದಾರಿ ಕಪ್ಪಾಗಿ ಕಾಣುತ್ತದೆ. ಎಲ್ಲಿ ಸಣ್ಣದಾಗಿದೆಯೋ ಅಲ್ಲಿ ಬ್ಲಾಕ್. ಅಲ್ಲಿ ನಾಳ ತೆರೆದಿರಲಿ ಎಂದು ಕೂರಿಸುವ ಚಿಕ್ಕ ಲೋಹದ ಬಲೆಯೇ ಸ್ಟೆಂಟ್. ಕಾಲಿನ, ಕಿಡ್ನಿಯ, ಮೆದುಳಿನ ನಾಳಗಳಿಗೂ ಇದೇ ರೀತಿ ಮಾಡುತ್ತಾರೆ. ಇಲ್ಲಿ ಹೃದಯದ್ದು ಮಾತ್ರ ಹೇಳುತ್ತೇನೆ.

ಹಂತ 1: ನಿಮ್ಮದು ಅವಸರದ್ದೋ, ನಿಧಾನದ್ದೋ ತಿಳಿದುಕೊಳ್ಳಿ

ಹೃದಯಾಘಾತ ಆಗಿದ್ದರೆ ಈ ಲೇಖನ ಓದುತ್ತಾ ಕೂರಬೇಡಿ. ಎದೆ ಒತ್ತಿದಂತಾಗಿ ಬೆವರು ಬರುತ್ತಿದ್ದರೆ, ನೋವು ಎಡತೋಳಿಗೋ ದವಡೆಗೋ ಹರಡುತ್ತಿದ್ದರೆ, 'ಗ್ಯಾಸ್ ಇರಬೇಕು' ಎಂದು ಸೋಡಾ ಕುಡಿಯದೆ ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಿ. ಕ್ಯಾಥ್ ಲ್ಯಾಬ್ ಇರುವ ಊರು ಎರಡು ಗಂಟೆಗಿಂತ ದೂರವಿದ್ದರೆ ಮೊದಲು ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುತ್ತಾರೆ. ನಮ್ಮ ರಾಜ್ಯದಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಈ ಇಂಜೆಕ್ಷನ್ ತಾಲ್ಲೂಕು ಆಸ್ಪತ್ರೆಗಳಿಗೂ ಬಂದಿದೆ.

ಇಲ್ಲೇ ಜನ ಎಡವುವುದು. ಇಂಜೆಕ್ಷನ್ ಆದ ಮೇಲೆ ನೋವು ಹೋಗುತ್ತದೆ. "ಈಗ ಆರಾಮಾಗಿದ್ದಾರೆ, ಹಬ್ಬ ಮುಗಿಸಿ ಹೋಗೋಣ" ಎಂದು ಮನೆಗೆ ಕರೆದುಕೊಂಡು ಬಂದುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಇಂಜೆಕ್ಷನ್ ಹೆಪ್ಪನ್ನು ಕರಗಿಸಿದೆ, ಹೆಪ್ಪು ಕಟ್ಟಿಸಿದ ಜಾಗ ಹಾಗೇ ಇದೆ. ಇಂಜೆಕ್ಷನ್ ಆದ 2ರಿಂದ 24 ಗಂಟೆಯೊಳಗೆ ಆಂಜಿಯೋಗ್ರಾಂ ಆಗಬೇಕು ಅನ್ನುವುದು ನಿಯಮ. ಇಂಜೆಕ್ಷನ್ನಿಗೆ ನಾಳ ತೆರೆದುಕೊಳ್ಳದಿದ್ದರೆ ಅಷ್ಟೂ ಕಾಯುವ ಹಾಗಿಲ್ಲ.

ಇನ್ನೊಂದು ಗುಂಪು ಇದೆ. ಮೆಟ್ಟಿಲು ಹತ್ತಿದರೆ ಎದೆ ಹಿಡಿಯುತ್ತದೆ, ನಿಂತರೆ ಸರಿಹೋಗುತ್ತದೆ, ತಿಂಗಳುಗಳಿಂದ ಹೀಗೇ ಇದೆ. ಇವರಿಗೆ ಯೋಚಿಸಲು ಸಮಯ ಇದೆ. ಟ್ರೆಡ್‌ಮಿಲ್ ಮೇಲೆ ನಡೆಸಿ ನೋಡುವ ಟಿಎಂಟಿ, ಹೃದಯದ ಅಲ್ಟ್ರಾಸೌಂಡ್ ಆದ ಎಕೋ, ಕೈಯ ನರಕ್ಕೆ ಡೈ ಕೊಟ್ಟು ಮಾಡುವ ಸಿ.ಟಿ. ಆಂಜಿಯೋ, ಇವುಗಳಲ್ಲಿ ಯಾವುದು ಆಗಿದೆ, ಏನು ಬಂದಿದೆ ಎಂದು ಕೇಳಿ. ಸಿ.ಟಿ. ಆಂಜಿಯೋ ಚೆನ್ನಾಗಿ ಬಂದರೆ ಎಷ್ಟೋ ಜನಕ್ಕೆ ಕ್ಯಾಥೆಟರ್ ಹಾಕುವ ಅಗತ್ಯವೇ ಬೀಳುವುದಿಲ್ಲ.

ಏನೂ ತೊಂದರೆ ಇಲ್ಲದವರಿಗೆ ಇದು ಚೆಕಪ್ ಅಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ಹೋದಾಗ, ಮತ್ತೆ 2025ರಲ್ಲಿ ಹಾಸನದ ಹೃದಯಾಘಾತದ ಸಾವುಗಳ ಸುದ್ದಿ ಬಂದಾಗ, ಬೆಂಗಳೂರು ಮತ್ತು ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಿನಿಂದಲೇ ಸಾಲು. ಭಯ ಸಹಜ. ಆದರೆ ಸುಮ್ನೆ 'ಒಂದ್ಸಲ ಒಳಗೆ ನೋಡಿಬಿಡಿ' ಎಂದು ಕೇಳುವ ಪರೀಕ್ಷೆ ಇದಲ್ಲ. ದೊಡ್ಡ ತೊಂದರೆ ನೂರಕ್ಕೆ ಒಬ್ಬರಿಗಿಂತ ಕಡಿಮೆ ಜನಕ್ಕೆ ಆಗುತ್ತದೆ ನಿಜ. ಆದರೂ ಪಾರ್ಶ್ವವಾಯು, ನಾಳ ಸೀಳುವುದು, ಕಿಡ್ನಿಗೆ ಪೆಟ್ಟು, ಇವೆಲ್ಲ ಆ ಪಟ್ಟಿಯಲ್ಲಿವೆ. ಕಾರಣವಿಲ್ಲದೆ ಅದನ್ನು ಯಾಕೆ ಮೈಮೇಲೆ ಎಳೆದುಕೊಳ್ಳುವುದು?

ಹಂತ 2: ಮಾತ್ರೆಗಳ ಚೀಲವನ್ನೇ ಹಿಡಿದುಕೊಂಡು ಹೋಗಿ

"ಬಿಪಿಗೆ ಒಂದು ಬಿಳಿ ಮಾತ್ರೆ, ಶುಗರ್‌ಗೆ ಎರಡು" ಅಂದರೆ ಯಾರಿಗೂ ಉಪಯೋಗವಿಲ್ಲ. ಸ್ಟ್ರಿಪ್‌ಗಳನ್ನೇ ತನ್ನಿ. ನಾಟಿ ಔಷಧಿ, ಕಷಾಯ, ಪುಡಿ ಇದ್ದರೆ ಅದನ್ನೂ ಹೇಳಿ.

ಆಸ್ಪಿರಿನ್, ಕ್ಲೊಪಿಡೊಗ್ರೆಲ್ ತೆಗೆದುಕೊಳ್ಳುತ್ತಿದ್ದರೆ ನೀವೇ ನಿಲ್ಲಿಸಬೇಡಿ. "ರಕ್ತ ತೆಳು ಮಾಡುತ್ತೆ, ಆಪರೇಷನ್ ಮುಂಚೆ ಬಿಡಬೇಕು" ಎಂದು ಯಾರೋ ಹೇಳಿದ್ದಕ್ಕೆ ಬಿಟ್ಟು ಬರುವವರು ಇದ್ದಾರೆ. ಈ ಪರೀಕ್ಷೆಗೆ ಅವು ಇರಬೇಕು. ವಾರ್ಫರಿನ್, ಅಸಿಟ್ರೋಂ, ಅಪಿಕ್ಸಬಾನ್ ತರಹದವು ಹೆಪ್ಪುಗಟ್ಟುವುದನ್ನು ಬೇರೆ ರೀತಿ ತಡೆಯುವ ಮಾತ್ರೆಗಳು, ಅವುಗಳ ಮಾತು ಬೇರೆ. ಅವುಗಳನ್ನು ಎಷ್ಟು ದಿನ ನಿಲ್ಲಿಸಬೇಕು, ನಿಲ್ಲಿಸಬೇಕೋ ಬೇಡವೋ ಎಂದು ಡಾಕ್ಟರೇ ಹೇಳಬೇಕು. ಕೃತಕ ಕವಾಟ ಹಾಕಿಸಿಕೊಂಡವರು ಇದರಲ್ಲಿ ಇನ್ನೂ ಹುಷಾರಾಗಿರಬೇಕು.

ಶುಗರ್ ಇರುವವರು ಎರಡು ವಿಷಯ ಕೇಳಿಕೊಳ್ಳಿ. ಖಾಲಿ ಹೊಟ್ಟೆಯಲ್ಲಿರುವ ದಿನ ಇನ್ಸುಲಿನ್ ಎಷ್ಟು? ಮೆಟ್‌ಫಾರ್ಮಿನ್ ನಿಲ್ಲಿಸಬೇಕಾ? ಕಿಡ್ನಿ ಸರಿ ಇಲ್ಲದಿದ್ದರೆ ಡೈ ಕೊಟ್ಟ ಮೇಲೆ 48 ಗಂಟೆ ಮೆಟ್‌ಫಾರ್ಮಿನ್ ಬಿಡಿಸುವುದು ರೂಢಿ.

ಕಿಡ್ನಿಯ ವಿಷಯ ಇಲ್ಲಿ ತುಂಬಾ ಮುಖ್ಯ. ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು ತೋರಿಸುವ ಕ್ರಿಯಾಟಿನಿನ್ ಅನ್ನು ರಕ್ತದಲ್ಲಿ ನೋಡದೆ ಡೈ ಕೊಡುವುದಿಲ್ಲ, ತುರ್ತಿನಲ್ಲಿ ಬಿಟ್ಟು. ಅದು ಜಾಸ್ತಿ ಇದ್ದರೆ ಮೊದಲೇ ಡ್ರಿಪ್ ಹಾಕಿ, ಡೈ ಆದಷ್ಟು ಕಡಿಮೆ ಬಳಸುತ್ತಾರೆ. ಡಯಾಲಿಸಿಸ್ ಆಗುತ್ತಿದ್ದರೆ, ಅಥವಾ ಮುಂದೆ ಬೇಕಾಗಬಹುದು ಎಂದು ಕಿಡ್ನಿ ಡಾಕ್ಟರು ಹೇಳಿದ್ದರೆ, ಮಣಿಕಟ್ಟಿಗೆ ಸೂಜಿ ಹಾಕುವ ಮೊದಲೇ ತಿಳಿಸಿ. ಡಯಾಲಿಸಿಸ್‌ಗೆಂದು ಕೈಯ ನಾಳಗಳನ್ನು ಜೋಡಿಸುವ ಫಿಸ್ಟುಲಾಗೆ ಬೇಕಾಗುವ ಕೈ ಅದು.

ಅಲರ್ಜಿ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಕರಾವಳಿ ಕಡೆಯವರು "ನಂಗೆ ಸಿಗಡಿ ಆಗಲ್ಲ, ಡೈ ಆಗುತ್ತಾ?" ಎಂದು ಕೇಳುತ್ತಾರೆ. ಸಿಗಡಿ ಅಲರ್ಜಿಗೂ ಡೈಗೂ ಸಂಬಂಧವಿಲ್ಲ. ಹಿಂದೆ ಸಿ.ಟಿ. ಸ್ಕ್ಯಾನ್‌ನಲ್ಲಿ ಡೈ ಕೊಟ್ಟಾಗ ದದ್ದು ಎದ್ದಿತ್ತಾ, ಉಸಿರು ಕಟ್ಟಿತ್ತಾ ಅನ್ನುವುದು ಮುಖ್ಯ. ಆಸ್ತಮಾ, ಥೈರಾಯ್ಡ್ ಜಾಸ್ತಿ ಇರುವುದು, ಗರ್ಭಿಣಿಯಾಗಿರುವ ಸಾಧ್ಯತೆ, ಇವನ್ನೂ ಹೇಳಿ.

ಇನ್ನೊಂದನ್ನು ಗಂಡಸರು ಹೆಂಡತಿ ಮಕ್ಕಳ ಮುಂದೆ ಹೇಳುವುದಿಲ್ಲ. ವಯಾಗ್ರಾ ತರಹದ ಮಾತ್ರೆ ತೆಗೆದುಕೊಂಡಿದ್ದರೆ ನರ್ಸನ್ನೋ ಡಾಕ್ಟರನ್ನೋ ಪಕ್ಕಕ್ಕೆ ಕರೆದು ಹೇಳಿ. ಒಳಗೆ ನಾಳ ಹಿಗ್ಗಿಸಲು ನೈಟ್ರೋಗ್ಲಿಸರಿನ್ ಕೊಡುತ್ತೇವೆ. ಎರಡೂ ಸೇರಿದರೆ ಬಿಪಿ ಧಡಕ್ಕನೆ ಬೀಳುತ್ತದೆ. ವಯಾಗ್ರಾದಲ್ಲಿರುವ ಸಿಲ್ಡೆನಾಫಿಲ್ ಆದರೆ 24 ಗಂಟೆ, ಅದೇ ತರಹದ ಟಡಾಲಾಫಿಲ್ ಆದರೆ 48 ಗಂಟೆ ಅಂತರ ಬೇಕು.

ಹಂತ 3: ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಮಾತಾಡಿ

ಫಾರಂನಲ್ಲಿ ಕೆಲವು ಸಲ 'ಕೊರೊನರಿ ಆಂಜಿಯೋಗ್ರಾಂ' ಎಂದಷ್ಟೇ ಇರುತ್ತದೆ. ಕೆಲವು ಸಲ ಜೊತೆಗೆ 'ಪ್ಲಸ್ ಪಿಟಿಸಿಎ' ಎಂದಿರುತ್ತದೆ. ಪಿಟಿಸಿಎ ಅಂದರೆ ಬಲೂನ್ ಹಾಕಿ ಬ್ಲಾಕ್ ಬಿಡಿಸುವುದು, ಸಾಮಾನ್ಯವಾಗಿ ಸ್ಟೆಂಟ್ ಸಮೇತ. ಎರಡನೆಯದಕ್ಕೆ ಸಹಿ ಹಾಕಿದರೆ ಬ್ಲಾಕ್ ಸಿಕ್ಕ ಕೂಡಲೇ ಮುಂದುವರಿಯಲು ನೀವು ಒಪ್ಪಿದಂತೆ. ಅದು ತಪ್ಪೇನಲ್ಲ. ಹೃದಯಾಘಾತವಾದವರಿಗೆ ಅದೇ ಸರಿ. ಆದರೆ ನಿಧಾನದ ಗುಂಪಿನವರು ಹಿಂದಿನ ದಿನವೇ ಡಾಕ್ಟರ ಹತ್ತಿರ ಕೂತು ಇವನ್ನು ಕೇಳಿಟ್ಟುಕೊಳ್ಳಿ:

• ಯಾವ ತರಹದ ಬ್ಲಾಕ್ ಬಂದರೆ ಅಲ್ಲೇ ಸ್ಟೆಂಟ್? ಯಾವುದು ಬಂದರೆ ಹೊರಗೆ ಬಂದು ಮಾತಾಡೋಣ?
• ಎಡ ಮುಖ್ಯ ನಾಳದಲ್ಲಿ ಅಥವಾ ಹೃದಯದ ಮೂರೂ ದೊಡ್ಡ ನಾಳಗಳಲ್ಲಿ (ಹೆಸರುಗಳು 7ನೇ ಹಂತದಲ್ಲಿವೆ) ಬ್ಲಾಕ್ ಇದ್ದರೆ ಬೈಪಾಸ್ ಸರ್ಜನ್ ಅಭಿಪ್ರಾಯ ತೆಗೆದುಕೊಳ್ಳುತ್ತೀರಾ? ಶುಗರ್ ಇದ್ದು ಹಲವು ನಾಳಗಳಲ್ಲಿ ಬ್ಲಾಕ್ ಇರುವವರಿಗೆ ಬೈಪಾಸ್ ಜಾಸ್ತಿ ಕಾಪಾಡುತ್ತದೆ ಎಂದು 2012ರ ಫ್ರೀಡಂ ಅಧ್ಯಯನ ತೋರಿಸಿತ್ತು.
• ಮಧ್ಯಮ ಬ್ಲಾಕ್ ಬಂದರೆ ಒತ್ತಡ ಅಳೆದು ನೋಡುತ್ತೀರಾ? ಆ ಸೌಲಭ್ಯ ಇಲ್ಲಿದೆಯಾ? ಇದೇನು ಎಂದು 5ನೇ ಹಂತದಲ್ಲಿ ಹೇಳುತ್ತೇನೆ.

ನಿಮ್ಮ ಕಡೆಯಿಂದಲೂ ಹೇಳಬೇಕಾದ್ದು ಇದೆ. ಸದ್ಯದಲ್ಲೇ ಹರ್ನಿಯಾ, ಮಂಡಿ ಅಥವಾ ಬೇರೆ ಯಾವುದಾದರೂ ಆಪರೇಷನ್ ಇದೆಯಾ? ಮೂಲವ್ಯಾಧಿಯಲ್ಲಿ ರಕ್ತ ಹೋಗುತ್ತಿದೆಯಾ? ಸ್ಟೆಂಟ್ ಹಾಕಿದರೆ ಎರಡು ರಕ್ತ ತೆಳು ಮಾಡುವ ಮಾತ್ರೆಗಳನ್ನು ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷ ಬಿಡದೆ ನುಂಗಬೇಕು. ಆಗುವುದಿಲ್ಲ ಅಂತಿದ್ದರೆ ಮೊದಲೇ ಹೇಳಬೇಕು, ಅಲ್ವಾ?

ದುಡ್ಡಿನ ಮಾತೂ ಇಲ್ಲೇ ಆಗಲಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಮಾಡಿಸುವುದಾದರೆ ರೇಷನ್ ಕಾರ್ಡ್, ಆಧಾರ್ ಹಿಡಿದು ಆಸ್ಪತ್ರೆಯ ಆರೋಗ್ಯಮಿತ್ರರ ಹತ್ತಿರ ಮೊದಲು ಹೋಗಿ. ವಿಮೆ ಇದ್ದರೆ ಆಂಜಿಯೋಗೆ ಮಾತ್ರ ಅನುಮತಿ ಬಂದಿದೆಯೋ ಸ್ಟೆಂಟಿಗೂ ಬಂದಿದೆಯೋ ನೋಡಿ. ಸ್ಟೆಂಟಿಗೆ 2017ರ ಫೆಬ್ರವರಿಯಿಂದ ಕೇಂದ್ರ ಸರ್ಕಾರ ದರದ ಮಿತಿ ಹಾಕಿದೆ. ಆ ಮಿತಿ ಸ್ಟೆಂಟಿನದು ಮಾತ್ರ. ಬಲೂನ್, ವೈರ್, ಒಳಗಿನಿಂದ ನೋಡುವ ಇಮೇಜಿಂಗ್ ಕ್ಯಾಥೆಟರ್, ಇವುಗಳ ಲೆಕ್ಕ ಬೇರೆ. ಅಂದಾಜು ಬಿಲ್ಲಿನಲ್ಲಿ ಇವೆಲ್ಲ ಬರೆದಿವೆಯಾ ಎಂದು ಕೇಳಿ.

ಹಂತ 4: ಲ್ಯಾಬ್ ಒಳಗೆ

ಘನ ಆಹಾರ ಆರು ಗಂಟೆ ಮೊದಲೇ ನಿಲ್ಲಿಸಿ. ನೀರಿನ ಬಗ್ಗೆ ಒಂದೊಂದು ಆಸ್ಪತ್ರೆಯಲ್ಲಿ ಒಂದೊಂದು ಪದ್ಧತಿ, ಕೇಳಿಕೊಳ್ಳಿ. ಉಂಗುರ, ಬಳೆ, ಉಡಿದಾರ ತೆಗೆದು ಮನೆಯವರ ಕೈಗೆ ಕೊಡಿ. ಒಳಗೆ ಹೋಗುವ ಮೊದಲು ಮೂತ್ರಕ್ಕೆ ಹೋಗಿಬನ್ನಿ. ಇದೊಂದು ಮರೆತು ಒದ್ದಾಡುವವರು ಬಹಳ.

ಲ್ಯಾಬ್ ಚಳಿ ಇರುತ್ತದೆ. ಯಂತ್ರಗಳಿಗೆ ಹಾಗಿರಬೇಕು. ಟೇಬಲ್ ಕಿರಿದು. ಪ್ರಜ್ಞೆ ತಪ್ಪಿಸುವುದಿಲ್ಲ, ಮಾತಾಡುತ್ತಲೇ ಇರುತ್ತೀರಿ. ಮಣಿಕಟ್ಟಿನಲ್ಲಿ ಮರಗಟ್ಟಿಸುವ ಇಂಜೆಕ್ಷನ್ ಉರಿಯುತ್ತದೆ, ನಿಜವಾದ ನೋವು ಅಂದರೆ ಅಷ್ಟೇ. ಆಮೇಲೆ ಶೀಥ್ ಎಂಬ ಗಿಡ್ಡ ಕೊಳವೆ ಕೂರಿಸುತ್ತಾರೆ. ಸುಮಾರು ಎರಡು ಮಿಲಿಮೀಟರ್ ದಪ್ಪ. ಮುಂದಿನದೆಲ್ಲ ಇದರ ಮೂಲಕವೇ. ಕ್ಯಾಥೆಟರ್ ತೋಳಿನಲ್ಲಿ ಮೇಲೆ ಹೋಗುವಾಗ ಏನೂ ಗೊತ್ತಾಗುವುದಿಲ್ಲ. ತೋಳು ಹಿಡಿದಂತೆ ನೋವಾದರೆ ನಾಳ ಬಿಗಿದುಕೊಂಡಿದೆ ಎಂದರ್ಥ. ಸಹಿಸಿಕೊಂಡು ಸುಮ್ಮನಿರಬೇಡಿ, ಹೇಳಿ. ಔಷಧಿ ಕೊಟ್ಟರೆ ಸಡಿಲವಾಗುತ್ತದೆ.

ಕೈಯಾ, ತೊಡೆಯಾ? ಈಗ ಹೆಚ್ಚಾಗಿ ಕೈ. ರಕ್ತಸ್ರಾವ ಕಡಿಮೆ, ಬೇಗ ಎದ್ದು ಕೂರಬಹುದು. ಕೈಯ ನಾಳ ತೀರಾ ಸಣ್ಣದಿದ್ದರೆ, ಸುತ್ತಿಕೊಂಡಿದ್ದರೆ, ಕೆಲವು ಸಲ ಹಿಂದೆ ಬೈಪಾಸ್ ಆಗಿದ್ದರೆ ತೊಡೆ. ಕೈಯಲ್ಲಿ ಶುರುಮಾಡಿ ತೊಡೆಗೆ ಹೋದರೆ ಏನೋ ಕೆಟ್ಟಿತು ಎಂದು ಗಾಬರಿಯಾಗಬೇಡಿ.

ಡೈ ಬಿಟ್ಟಾಗ ಮೈ ಬಿಸಿಯಾದಂತೆ ಅನ್ನಿಸಬಹುದು, ಮೂತ್ರ ಹೋಯಿತೇನೋ ಎಂಬ ಭ್ರಮೆಯೂ ಆಗಬಹುದು. ಹೋಗಿರುವುದಿಲ್ಲ. ಎಕ್ಸ್‌ರೇ ಯಂತ್ರ ನಿಮ್ಮ ಎದೆಯ ಸುತ್ತ ಎಡಕ್ಕೆ, ಬಲಕ್ಕೆ, ತಲೆಯ ಕಡೆಗೆ, ಕಾಲಿನ ಕಡೆಗೆ ತಿರುಗುತ್ತಿರುತ್ತದೆ. "ಉಸಿರು ಎಳೆದು ಹಿಡಿಯಿರಿ" ಎಂದರೆ ಹಿಡಿಯಿರಿ. "ಕೆಮ್ಮಿ" ಎಂದರೆ ಜೋರಾಗಿ ಕೆಮ್ಮಿ. ಆ ಕೆಮ್ಮಿಗೆ ಇತಿಹಾಸವೇ ಇದೆ. 1958ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ಮೇಸನ್ ಸೋನ್ಸ್ ಎಂಬ ವೈದ್ಯರು ಬೇರೇನೋ ನೋಡಲು ಹೋದಾಗ ಕ್ಯಾಥೆಟರ್ ಬಲ ಕೊರೊನರಿಗೆ ಜಾರಿ ಅಷ್ಟೂ ಡೈ ಅದರೊಳಗೇ ಹೋಯಿತು. ರೋಗಿಯ ಹೃದಯ ಕೆಲವು ಕ್ಷಣ ನಿಂತೇಬಿಟ್ಟಿತು. ಸೋನ್ಸ್ ಕೆಮ್ಮಲು ಹೇಳಿದರು, ಬಡಿತ ಮರಳಿತು. ಕೊರೊನರಿ ಆಂಜಿಯೋಗ್ರಾಂ ಹುಟ್ಟಿದ್ದು ಹಾಗೆ.

ಹಂತ 5: ಚಿತ್ರ ಸಾಲದಿದ್ದಾಗ, ನಾಳದ ಒಳಗಿನಿಂದ ನೋಡುವುದು

ಆಂಜಿಯೋಗ್ರಾಂ ಡೈ ಹರಿದ ದಾರಿಯನ್ನು ತೋರಿಸುತ್ತದೆ. ನಾಳದ ಗೋಡೆಯನ್ನು ತೋರಿಸುವುದಿಲ್ಲ. ಗೋಡೆಯಲ್ಲಿ ಎಷ್ಟು ಕೊಬ್ಬು, ಎಷ್ಟು ಸುಣ್ಣ (ಗಟ್ಟಿಯಾಗಿ ಕೂತ ಕ್ಯಾಲ್ಸಿಯಂ), ಎಲ್ಲಿ ಸೀಳಿದೆ, ಇದು ಅದರಲ್ಲಿ ಸರಿಯಾಗಿ ಗೊತ್ತಾಗದು. ಅದಕ್ಕೇ ಇನ್ನೂ ಮೂರು ಸಾಧನಗಳಿವೆ.

ಒಂದನೆಯದು ಐವಸ್. ಸುಮಾರು ಒಂದು ಮಿಲಿಮೀಟರ್ ದಪ್ಪದ ಕ್ಯಾಥೆಟರ್ ತುದಿಯಲ್ಲಿ ಅಲ್ಟ್ರಾಸೌಂಡ್ ಇರುತ್ತದೆ. ಬೋರ್‌ವೆಲ್‌ಗೆ ಕ್ಯಾಮೆರಾ ಇಳಿಸಿ ಒಳಗೋಡೆ ನೋಡಿದ ಹಾಗೆ, ನಾಳದೊಳಗೆ ಇಳಿಸಿ ನಿಧಾನ ಹಿಂದಕ್ಕೆ ಎಳೆಯುತ್ತಾರೆ. ಪರದೆ ಮೇಲೆ ನಾಳ ಅಡ್ಡ ಕೊಯ್ದಂತೆ ದುಂಡಗೆ ಕಾಣುತ್ತದೆ. ಸುಣ್ಣ ಇದ್ದ ಜಾಗ ಬೆಳ್ಳಗೆ ಹೊಳೆಯುತ್ತದೆ, ಅದರ ಹಿಂದೆ ಕಪ್ಪು ನೆರಳು. ನಾಳ ನಿಜವಾಗಿ ಎಷ್ಟು ಅಗಲ ಎಂದು ಅಳೆಯಬಹುದು. ಆಂಜಿಯೋದಲ್ಲಿ 3 ಮಿಲಿಮೀಟರ್ ಎಂದು ಕಂಡದ್ದು ಇದರಲ್ಲಿ ಮೂರೂವರೆ ಆಗುವುದು ಅಪರೂಪವೇನಲ್ಲ. ಸಣ್ಣ ಸ್ಟೆಂಟ್ ಹಾಕಿದರೆ ಗೋಡೆಗೆ ಸರಿಯಾಗಿ ಅಂಟುವುದಿಲ್ಲ, ಮುಂದೆ ಮತ್ತೆ ಮುಚ್ಚಿಕೊಳ್ಳುವ ಭಯ.

ಎರಡನೆಯದು ಓಸಿಟಿ. ಇದು ಶಬ್ದದ ಬದಲು ಕಣ್ಣಿಗೆ ಕಾಣದ ಬೆಳಕಿನಿಂದ ಚಿತ್ರ ತೆಗೆಯುತ್ತದೆ. ಸ್ಪಷ್ಟತೆ ಐವಸ್‌ಗಿಂತ ಹತ್ತು ಪಟ್ಟಿನಷ್ಟು, ಸುಮಾರು 10ರಿಂದ 20 ಮೈಕ್ರಾನ್. ಸ್ಟೆಂಟಿನ ಒಂದೊಂದು ತಂತಿಯೂ ಎಣಿಸುವ ಹಾಗೆ ಕಾಣುತ್ತದೆ. ಆದರೆ ಗೋಡೆಯೊಳಗೆ ಒಂದೆರಡು ಮಿಲಿಮೀಟರ್ ಮಾತ್ರ ನೋಡಬಲ್ಲದು. ರಕ್ತ ಅಡ್ಡ ಬಂದರೆ ಏನೂ ಕಾಣದು. ಹಾಗಾಗಿ ಸಾಮಾನ್ಯವಾಗಿ ಡೈ ಬಿಟ್ಟು ರಕ್ತ ಸರಿಸಿ ಚಿತ್ರ ತೆಗೆಯಬೇಕು. ಕಿಡ್ನಿ ತೊಂದರೆ ಇರುವವರಿಗೆ ಐವಸ್ ವಾಸಿ.

ಇವೆರಡೂ ಎಲ್ಲರಿಗೂ ಬೇಕಿಲ್ಲ. ಎಡ ಮುಖ್ಯ ನಾಳ, ಕವಲೊಡೆಯುವ ಜಾಗ, ಉದ್ದದ ಬ್ಲಾಕ್, ಇಂಥ ಕಡೆ ಸ್ಟೆಂಟ್ ಹಾಕುವಾಗ ಒಳಗಿನಿಂದ ನೋಡಿಯೇ ಹಾಕಬೇಕು ಎಂದು ಯುರೋಪಿನ ಹೃದ್ರೋಗ ವೈದ್ಯರ ಸಂಘದ 2024ರ ಮಾರ್ಗಸೂಚಿ ಬಲವಾಗಿ ಹೇಳಿದೆ. ನನ್ನ ಅಭಿಪ್ರಾಯ ಕೇಳಿದರೆ, ಇಂಥ ಜಾಗಗಳಲ್ಲಿ ಇದನ್ನು 'ಎಕ್ಸ್‌ಟ್ರಾ ಖರ್ಚು' ಎಂದು ಕೈಬಿಡುವುದು ಜಾಣತನವಲ್ಲ. ಚಿಕ್ಕ, ನೇರ ಬ್ಲಾಕಿಗೆ ಬೇಡ ಎಂದರೆ ಅದೂ ಸರಿಯೇ.

ಮೂರನೆಯದು ಎಫ್‌ಎಫ್‌ಆರ್. ಇದು ಚಿತ್ರವಲ್ಲ, ಅಳತೆ. ಕೂದಲಿನಷ್ಟಲ್ಲದಿದ್ದರೂ ಅರ್ಧ ಮಿಲಿಮೀಟರಿಗಿಂತ ತೆಳುವಾದ ವೈರನ್ನು ಬ್ಲಾಕಿನ ಆಚೆಗೆ ದಾಟಿಸಿ, ಆ ಕಡೆಯ ಒತ್ತಡವನ್ನು ಈ ಕಡೆಯ ಒತ್ತಡಕ್ಕೆ ಹೋಲಿಸುತ್ತಾರೆ. ಮಧ್ಯೆ ಅಡಿನೋಸಿನ್ ಎಂಬ ಔಷಧಿ ಕೊಡುತ್ತಾರೆ. ಎದೆ ಭಾರವಾಗುತ್ತದೆ, ಉಸಿರು ಸಾಲದಂತಾಗುತ್ತದೆ, ಔಷಧಿ ನಿಲ್ಲಿಸಿದರೆ ಬೇಗನೆ ಹೋಗುತ್ತದೆ. ಅಂಕಿ 0.80 ಅಥವಾ ಕಡಿಮೆ ಬಂದರೆ ಆ ಬ್ಲಾಕ್ ರಕ್ತವನ್ನು ನಿಜವಾಗಿ ತಡೆಯುತ್ತಿದೆ. ಅದಕ್ಕಿಂತ ಜಾಸ್ತಿ ಇದ್ದರೆ ಸಾಮಾನ್ಯವಾಗಿ ಮಾತ್ರೆ ಸಾಕು. 2009ರ ಫೇಮ್ ಅಧ್ಯಯನದಲ್ಲಿ ಹೀಗೆ ಅಳೆದು ಹಾಕಿದವರಿಗೆ ಸರಾಸರಿ 1.9 ಸ್ಟೆಂಟ್ ಬೇಕಾಯಿತು, ಕಣ್ಣಳತೆಯಲ್ಲಿ ಹಾಕಿದವರಿಗೆ 2.7. ಒಂದು ವರ್ಷದಲ್ಲಿ ತೊಂದರೆಗಳೂ ಅಳೆದವರ ಗುಂಪಿನಲ್ಲೇ ಕಡಿಮೆ.

ಈಗ ಆ '70 ಪರ್ಸೆಂಟ್' ಪ್ರಶ್ನೆಗೆ ಬರೋಣ. 3 ಮಿಲಿಮೀಟರ್ ನಾಳದಲ್ಲಿ 70 ಪರ್ಸೆಂಟ್ ಅಂದರೆ ಉಳಿದ ದಾರಿ 0.9 ಮಿಲಿಮೀಟರ್. ಆ ಅಂಕಿ ಎಷ್ಟೋ ಸಲ ಕಣ್ಣಂದಾಜು. ಒಬ್ಬರಿಗೆ 60 ಕಂಡದ್ದು ಇನ್ನೊಬ್ಬರಿಗೆ 75. ತೊಂಬತ್ತಕ್ಕೂ ಮೂವತ್ತಕ್ಕೂ ಯಾರಿಗೂ ಅನುಮಾನವಿರದು. ನಡುವಿನ 40ರಿಂದ 90ರವರೆಗಿನದ್ದೇ ಗೊಂದಲ. ನಿಧಾನದ ಗುಂಪಿನವರು "ಇದನ್ನು ಅಳೆದು ನೋಡಿದ್ದೀರಾ, ಅಥವಾ ಟಿಎಂಟಿಯಲ್ಲಿ ಹೃದಯಕ್ಕೆ ರಕ್ತ ಸಾಲದ ಲಕ್ಷಣ ಕಂಡಿತ್ತಾ?" ಎಂದು ಕೇಳಬೇಕಾದ್ದು ಇಲ್ಲಿ. ಇಂಥವರಲ್ಲಿ ಮಾತ್ರೆಯಿಂದ ಶುರುಮಾಡಿದರೂ, ಸ್ಟೆಂಟ್ ಅಥವಾ ಬೈಪಾಸಿನಿಂದ ಶುರುಮಾಡಿದರೂ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ ಎಂದು 2020ರಲ್ಲಿ ಪ್ರಕಟವಾದ ಇಸ್ಕೀಮಿಯಾ ಅಧ್ಯಯನ ಹೇಳಿತು. ಎದೆನೋವು ಮಾತ್ರ ಸ್ಟೆಂಟ್, ಬೈಪಾಸ್ ಆದವರಲ್ಲಿ ಜಾಸ್ತಿ ಕಡಿಮೆಯಾಯಿತು. ಎಡ ಮುಖ್ಯ ನಾಳದ ಬ್ಲಾಕ್ ಇರುವವರು ಈ ಲೆಕ್ಕಕ್ಕೆ ಸೇರುವುದಿಲ್ಲ. ಅಲ್ಲಿ 50 ಪರ್ಸೆಂಟೇ ದೊಡ್ಡದು.

ಹಂತ 6: ವಾರ್ಡಿಗೆ ಬಂದ ಮೇಲೆ

ಮಣಿಕಟ್ಟಿಗೆ ಗಾಳಿ ತುಂಬಿದ ಪಟ್ಟಿ ಕಟ್ಟಿರುತ್ತಾರೆ. ಕೆಲವು ಗಂಟೆ ಸ್ವಲ್ಪ ಸ್ವಲ್ಪವೇ ಗಾಳಿ ಬಿಡುತ್ತಾರೆ. ನೀವೇ ಸಡಿಲಿಸಬೇಡಿ. ಬೆರಳು ನೀಲಿಯಾದರೆ, ಮರಗಟ್ಟಿದರೆ ಕೂಡಲೇ ಕರೆಯಿರಿ. ತೊಡೆಯಲ್ಲಿ ಮಾಡಿದ್ದರೆ ನಾಲ್ಕಾರು ಗಂಟೆ ಕಾಲು ನೇರ ಇಟ್ಟು ಮಲಗಬೇಕು. ಬೆಡ್‌ಪ್ಯಾನ್ ಬೇಡ ಎಂದು ಎದ್ದು ಹೋದವರಿಗೆ ತೊಡೆ ಊದಿಕೊಂಡು ಇನ್ನೆರಡು ದಿನ ಉಳಿಯಬೇಕಾಗುತ್ತದೆ. ಹೃದಯ ದುರ್ಬಲ ಎಂದು ನೀರಿಗೆ ಮಿತಿ ಹಾಕಿಲ್ಲದಿದ್ದರೆ ಚೆನ್ನಾಗಿ ನೀರು ಕುಡಿಯಿರಿ, ಡೈ ಮೂತ್ರದಲ್ಲಿ ಹೋಗಬೇಕು.

ಮನೆಗೆ ಬಂದ ಮೇಲೆ ಒಂದು ದಿನ ಗಾಡಿ ಓಡಿಸಬೇಡಿ. ಕೆಲವು ದಿನ ಆ ಕೈಯಲ್ಲಿ ಕೊಡ, ಸಿಲಿಂಡರ್ ಎತ್ತಬೇಡಿ. ಸ್ವಲ್ಪ ಕಪ್ಪಗಾಗುವುದು ಮಾಮೂಲು. ರಕ್ತ ಬಂದರೆ ಎರಡು ಬೆರಳಿಂದ ಗಟ್ಟಿಯಾಗಿ ಒತ್ತಿ, ತೊಡೆಯದಾದರೆ ಮಲಗಿ ಒತ್ತಿಸಿಕೊಂಡು, ಆಸ್ಪತ್ರೆಗೆ ಹೊರಡಿ. ಗಂಟು ದೊಡ್ಡದಾಗುತ್ತಿದ್ದರೆ, ಕೈ ತಣ್ಣಗಾದರೆ, ಜ್ವರ ಬಂದರೆ, ಎದೆನೋವು ಮರಳಿದರೆ, ಮಾತು ತೊದಲಿದರೆ ಬೆಳಗಾಗಲಿ ಎಂದು ಕಾಯಬೇಡಿ. ಕಿಡ್ನಿ ತೊಂದರೆ ಇದ್ದವರು ಎರಡು ಮೂರು ದಿನದಲ್ಲಿ ಕ್ರಿಯಾಟಿನಿನ್ ಮತ್ತೆ ನೋಡಿಸಿ.

ಹಂತ 7: ರಿಪೋರ್ಟ್ ಮತ್ತು ಸಿ.ಡಿ.

ರಿಪೋರ್ಟಿನಲ್ಲಿ ನಾಲ್ಕು ಹೆಸರು ಹುಡುಕಿ. ಎಲ್‌ಎಂಸಿಎ ಎಡ ಮುಖ್ಯ ನಾಳ. ಅದು ಒಡೆದು ಎಲ್‌ಎಡಿ ಮುಂಭಾಗಕ್ಕೆ, ಎಲ್‌ಸಿಎಕ್ಸ್ ಪಕ್ಕಕ್ಕೆ ಮತ್ತು ಹಿಂದಕ್ಕೆ ಹೋಗುತ್ತದೆ. ಆರ್‌ಸಿಎ ಬಲ ನಾಳ. 'ಪ್ರಾಕ್ಸಿಮಲ್' ಅಂದರೆ ನಾಳದ ಬುಡದ ಕಡೆ, 'ಡಿಸ್ಟಲ್' ಅಂದರೆ ತುದಿಯ ಕಡೆ. ಬುಡದಲ್ಲಿರುವ ಬ್ಲಾಕಿಗೆ ತೂಕ ಜಾಸ್ತಿ, ಯಾಕೆಂದರೆ ಅದರ ಕೆಳಗಿನ ಸ್ನಾಯುವೆಲ್ಲ ಅದನ್ನೇ ನಂಬಿದೆ. ಎಸ್‌ವಿಡಿ, ಡಿವಿಡಿ, ಟಿವಿಡಿ ಅಂದರೆ ಎಲ್‌ಎಡಿ, ಎಲ್‌ಸಿಎಕ್ಸ್, ಆರ್‌ಸಿಎ ಈ ಮೂರರಲ್ಲಿ ಒಂದು, ಎರಡು, ಮೂರು ನಾಳಗಳ ತೊಂದರೆ. 'ಮೈನರ್ ಸಿಎಡಿ', ಅಂದರೆ ಕೊರೊನರಿ ನಾಳಗಳ ಸಣ್ಣ ಮಟ್ಟದ ಕಾಯಿಲೆ, ಎಂದು ಬಂದರೆ "ಏನೂ ಇಲ್ಲ" ಎಂದು ಕೊಲೆಸ್ಟರಾಲ್ ಮಾತ್ರೆ ಬಿಡುವವರಿದ್ದಾರೆ. ಕೊಬ್ಬು ಕೂರಲು ಶುರುವಾಗಿದೆ ಎಂಬುದೇ ಅದರ ಅರ್ಥ. ಮಾತ್ರೆ ಬೇಕಾಗಿರುವುದು ಈಗಲೇ.

ಡಿಸ್ಚಾರ್ಜ್ ಆಗುವಾಗ ಆಂಜಿಯೋ ಚಿತ್ರಗಳಿರುವ ಸಿ.ಡಿ. ಕೇಳಿ ತೆಗೆದುಕೊಳ್ಳಿ. ಮೊಬೈಲಿನಲ್ಲಿ ಪರದೆಯ ಫೋಟೋ ಹೊಡೆದುಕೊಂಡು ಬಂದರೆ ಬೇರೆ ಡಾಕ್ಟರು ಅದನ್ನು ನೋಡಿ ಏನೂ ಹೇಳಲಾರರು. ಚಿತ್ರ ಚಲಿಸುವುದನ್ನು ಅವರು ನೋಡಬೇಕು. ಎರಡನೇ ಅಭಿಪ್ರಾಯಕ್ಕೆ ಹೋಗುವಾಗ ಸಿ.ಡಿ., ಎಕೋ, ಕ್ರಿಯಾಟಿನಿನ್, ಮಾತ್ರೆ ಚೀಟಿ, ಇಷ್ಟು ಸಾಕು. ಮತ್ತೆ ಆಂಜಿಯೋ ಮಾಡಿಸಬೇಕಿಲ್ಲ. ಮನೆಗೆ ಬಂದ ವಾರದಲ್ಲೇ ಅದನ್ನು ಪೆನ್‌ಡ್ರೈವಿಗೂ ಹಾಕಿಸಿಡಿ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಸಿ.ಡಿ. ಹಾಕುವ ಜಾಗವೇ ಇರುವುದಿಲ್ಲ.